ನಂಚಿಕೊಳ್ಳಲು ಏನಿದೆ?

ಲಿಸ್ಬನ್ನಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳಿಗೆ ಕಳೆದ ಚಳಿಗಾಲದಲ್ಲಿ ಜ್ವರ ಬಂತು. ಪಕ್ಕದ ಮನೆಯ ಅಜ್ಜಿ ಬಿಸಿಬಿಸಿ ಪಾತ್ರೆಯೊಂದನ್ನು ತಂದಿಟ್ಟು, "ಕಾಂಜ, ಕಾಂಜ" ಎಂದು ಹೇಳಿ ಹೋದರಂತೆ. ಜ್ವರದ ಮಂಪರಿನಲ್ಲಿದ್ದ ಹುಡುಗಿಗೆ ಅದು 'ಗಂಜಿ' ಎಂದೇ ಕೇಳಿಸಿ ಕಣ್ಣು ತುಂಬಿ ಬಂತು. ಮುಚ್ಚಳ ತೆಗೆದರೆ ಬೆಂದ ಅನ್ನದ ನಡುವೆ ಕೋಳಿಯ ಎಳೆಗಳು ತೇಲುತ್ತಿವೆ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. "ದೊಡ್ಡಮ್ಮಾ, ಇಲ್ಲಿ ಗಂಜಿಗೆ ಕೋಳಿ ಹಾಕಿಬಿಟ್ಟಿದ್ದಾರೆ!" ಎಂದು ಫೋನಿನಲ್ಲಿ ಗೋಳಾಡಿದಳು, ನಮ್ಮ ಮನೆಯ ಹುಡುಗನನ್ನು ಯಾರೋ ಕೆಡಿಸಿದ ಹಾಗೆ.

ಅವಳ ಕಿವಿಯದೇನೂ ತಪ್ಪಿರಲಿಲ್ಲ. ನಮ್ಮ ಗಂಜಿ, ಮಲಯಾಳಿ-ತಮಿಳರ ಕಂಜಿಯೇ ಪೋರ್ಚುಗೀಸರ ಬಾಯಲ್ಲಿ ಕಾಂಜ ಆದದ್ದು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ, ಮೆಣಸು ಜೀರಿಗೆ ಹಾಕಿದ ಅಕ್ಕಿಯ ತಿಳಿಯನ್ನು ಇಲ್ಲಿಯವರು ರೋಗಿಗೆ ಕುಡಿಸುತ್ತಾರೆ, ಹೆಸರು 'ಕಾಂಜೆ' ಎಂದು ಬರೆದಿದ್ದಾನೆ. ಕುಂದಾಪುರದ ಕಡೆಯ ನಮ್ಮ ಅಡುಗೆಮನೆಯಲ್ಲಿ ಜ್ವರ ಬಂದವರಿಗೆ ಅಮ್ಮ ಮಾಡುತ್ತಿದ್ದುದೂ ಅದನ್ನೇ. ಹಡಗು ಹತ್ತಿದ ಗಂಜಿ ಪೋರ್ಚುಗಲ್ಲಿನಲ್ಲಿ ಕೋಳಿಯ ಸಹವಾಸಕ್ಕೆ ಬಿತ್ತು. ಬ್ರೆಜಿಲ್ಲಿನಲ್ಲೂ ಈಗ ಹುಷಾರಿಲ್ಲದವರ ಪಥ್ಯವೆಂದರೆ ಕಾಂಜವೇ. ಇಂಗ್ಲಿಷಿನ 'ಕಾಂಜೀ' ಕೂಡ ಇದೇ ಗೋತ್ರದ್ದು. ಹಾಂಗ್‌ಕಾಂಗಿನ ಹೋಟೆಲುಗಳ ಇಂಗ್ಲಿಷ್ ಮೆನುವಿನಲ್ಲಿ ಚೀನೀಯರ 'ಜೂಕ್' ಈ ದ್ರಾವಿಡ ಹೆಸರು ಹೊತ್ತು ಕೂತಿರುತ್ತದೆ. ಚೀನೀಯರು ನಮಗಿಂತ ಮೊದಲೇ ಗಂಜಿ ಕುಡಿಯುತ್ತಿದ್ದರೋ ಏನೋ, ಹೆಸರಿನ ಮಟ್ಟಿಗಂತೂ ಗೆದ್ದವರು ನಾವು.

ಪೋರ್ಚುಗೀಸರು ಸುಲಭದ ಕೆಲಸಕ್ಕೆ "ಅದು ಕಾಂಜ" ಎನ್ನುತ್ತಾರೆ. ಕೊರಿಯದವರು "ಆರಿದ ಗಂಜಿ ಉಂಡಂತೆ" ಎನ್ನುತ್ತಾರೆ. ಭೂಮಿಯ ಎರಡು ತುದಿಯವರಿಗೆ ಒಂದೇ ಉಪಮೆ ಹೊಳೆದಿದೆ: ಅಗಿಯಬೇಕಾಗಿಲ್ಲ, ಯೋಚಿಸಬೇಕಾಗಿಲ್ಲ, ತಾನಾಗಿ ಇಳಿಯುತ್ತದೆ. ನಾವು ಮಾತ್ರ ಸುಲಭಕ್ಕೆ ನೀರು ಕುಡಿದು, ಗಂಜಿಯನ್ನು ಬಡತನಕ್ಕೆ ಮೀಸಲಿಟ್ಟೆವು. ಗಂಜಿಗೂ ಗತಿಯಿಲ್ಲದವನು ಎಂದು ಬೈಯುತ್ತೇವೆ. ನೆರೆ ಬಂದಾಗ ತೆರೆಯುವುದು ಗಂಜಿ ಕೇಂದ್ರ. ಮೈಸೂರು ಕಡೆಯವರಾದ ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ನನ್ನ ತಟ್ಟೆ ನೋಡಿ, "ನಾವು ಬಟ್ಟೆಗೆ ಹಾಕೋದನ್ನ ನಿಮ್ಮ ಕಡೆಯವರು ಹೊಟ್ಟೆಗೆ ಹಾಕ್ಕೋತೀರಲ್ಲ" ಎಂದಿದ್ದರು. ಮೂವತ್ತು ವರ್ಷವಾಯಿತು, ನಾನಿನ್ನೂ ಮರೆತಿಲ್ಲ. ಅವರಿಗೆ ಮೈಗೆ ಹುಷಾರಿಲ್ಲದಾಗ ಬೇಕಾಗುವುದು ಮೆತ್ತಗೆ ಬೆಂದ ಅನ್ನ, ಮೇಲೆ ತಿಳಿಸಾರು, ಅದರ ಮೇಲೆ ತುಪ್ಪ. ಕಿವುಚಿ ಕಿವುಚಿ ಕೊನೆಗೆ ಅವರು ಉಣ್ಣುವುದೂ ಒಂದು ಬಗೆಯ ಗಂಜಿಯೇ. ಹೇಳಿದರೆ ಒಪ್ಪುವುದಿಲ್ಲ.

ಗಂಜಿಯನ್ನು ನಿಜಕ್ಕೂ ಮರ್ಯಾದೆಯಿಂದ ನಡೆಸಿಕೊಂಡವರು ಜಪಾನೀಯರು. ಅವರ 'ಒಕಾಯು'ವಿಗೆ ಅಳತೆಯುಂಟು. ಒಂದು ಪಾಲು ಅಕ್ಕಿಗೆ ಐದು ಪಾಲು ನೀರಾದರೆ ಅದು ಪೂರ್ಣ ಗಂಜಿ, ಹತ್ತು ಪಾಲಾದರೆ ಅರೆ ಗಂಜಿ, ಕಾಳು ಸೋಸಿ ತೆಗೆದರೆ ಬರೀ ತಿಳಿ. ಆಸ್ಪತ್ರೆಯಲ್ಲಿ ರೋಗಿಯನ್ನು ಈ ಮೆಟ್ಟಿಲುಗಳಲ್ಲಿ ಒಂದೊಂದಾಗಿ ಹತ್ತಿಸಿ ಅನ್ನಕ್ಕೆ ತಲುಪಿಸುತ್ತಾರೆ. ಹೊಸವರ್ಷದ ಹಬ್ಬದೂಟ ಮುಗಿದು ಹೊಟ್ಟೆ ಸುಸ್ತಾದ ಮೇಲೆ, ಜನವರಿ 7ರಂದು ಏಳು ಬಗೆಯ ಸೊಪ್ಪು ಹಾಕಿದ ಗಂಜಿ. ಅಮ್ಮನ ಅಳತೆ ಬೇರೆ. ಲೋಟ ಗೀಟ ಏನೂ ಇಲ್ಲ. ನಮ್ಮ ಮುಖ ನೋಡುವಳು, ನೀರು ಸುರಿಯುವಳು.

ಆದರೆ ಅಕ್ಕಿ ನೀರಿನಲ್ಲಿ ಬೆಂದರೆ ಎಲ್ಲಿಯೂ ಗಂಜಿಯೇ. ದೇಶ ಬದಲಾಗುವುದು ಪಕ್ಕದಲ್ಲಿ ಏನಿದೆ ಎಂಬಲ್ಲಿ. ನಂಚಿಕೊಳ್ಳುವುದು ಎಂಬ ನಮ್ಮ ಮಾತು ಎಷ್ಟು ಚೆಂದ! ಉಂಡದ್ದಲ್ಲ, ತಿಂದದ್ದಲ್ಲ, ನಾಲಿಗೆಗೆ ಸುಮ್ಮನೆ ಮುಟ್ಟಿಸಿಕೊಂಡದ್ದು. ಜಪಾನೀಯರು ಉಮೆ ಕಾಯಿಯನ್ನು ಉಪ್ಪಿನಲ್ಲಿ ಹಾಕಿ, ಬಿಸಿಲಲ್ಲಿ ಒಣಗಿಸಿ ಮಾಡಿದ ಕೆಂಪು ಉಮೆಬೋಶಿಯನ್ನು ಗಂಜಿಯ ನಡುವೆ ಕುಂಕುಮದಂತೆ ಇಡುತ್ತಾರೆ. ಚೀನೀಯರಿಗೆ ಎಣ್ಣೆಯಲ್ಲಿ ಕರಿದ ಮೊಳದುದ್ದದ ಹಿಟ್ಟಿನ ಕೋಲು ಬೇಕು. ಫಿಲಿಪ್ಪೀನ್ಸಿನವರು ಹುರಿದ ಬೆಳ್ಳುಳ್ಳಿ ಉದುರಿಸಿ ಪುಟ್ಟ ನಿಂಬೆ ಹಿಂಡುತ್ತಾರೆ. ನಮಗೆ ಹುರುಳಿ ಚಟ್ನಿ, ಕೆಂಡದಲ್ಲಿ ಸುಟ್ಟ ಹಪ್ಪಳ, ಭರಣಿಯ ತಳದಿಂದ ಎತ್ತಿದ ಸುಕ್ಕಿದ ಮಾವಿನ ಮಿಡಿ. ಮೀನು ತಿನ್ನುವ ನೆರೆಮನೆಯಲ್ಲಿ ಒಣ ಸಿಗಡಿಯ ಚಟ್ನಿ ಕುಟ್ಟಿದರೆ ನಮ್ಮ ಅಂಗಳದವರೆಗೆ ಘಮ ಬರುತ್ತಿತ್ತು. ಅಮ್ಮ ಕಿಟಕಿ ಹಾಕುತ್ತಿದ್ದಳು. ಅಪ್ಪ ಯಾಕೋ ಎದ್ದು ಹೋಗಿ ತೆರೆಯುತ್ತಿದ್ದರು.

ಇಂಗ್ಲೆಂಡಿನವರಿಗೆ ಸಮಾಧಾನ ಕೊಡುವುದು ಟೋಸ್ಟಿನ ಮೇಲೆ ಸುರಿದ ಡಬ್ಬಿಯ ಬೀನ್ಸು, ಅಮೆರಿಕದವರಿಗೆ ಚೀಸಿನಲ್ಲಿ ಮುಳುಗಿಸಿದ ಮ್ಯಾಕರೋನಿ. ಇರಲಿ. ಅದನ್ನು ನೋಡಿ ನನ್ನ ಬಾಯಲ್ಲಿ ನೀರೂರುವುದಿಲ್ಲ. ನನ್ನ ಕುಚ್ಚಲಕ್ಕಿ ಗಂಜಿಯನ್ನು ನೋಡಿದರೆ ಅವರಿಗೂ ಹಾಗೇ ಇದ್ದೀತು.

ಹುಡುಗಿ ಅಜ್ಜಿಯ ಕೋಳಿ ಗಂಜಿಯನ್ನು ಜೊತೆಗಿದ್ದ ಗೆಳತಿಗೆ ದಾಟಿಸಿ, ತಾನೇ ಎದ್ದು ಅಕ್ಕಿ ಬೇಯಿಸಿಕೊಂಡಳಂತೆ. ಅಲ್ಲಿಯ ಅಕ್ಕಿ ಕುಚ್ಚಲಕ್ಕಿಯ ಹಾಗೆ ಕಾಳುಕಾಳಾಗಿ ನಿಲ್ಲದೆ ಅಂಟಂಟಾಯಿತು ಎಂದಳು. ನಾನು ಮರುದಿನವೇ ಮಿಡಿಯನ್ನು ಮೂರು ಕವರಿನಲ್ಲಿ ಸುತ್ತಿ ಕೊರಿಯರ್‌ಗೆ ಹೊರಟೆ. ಎಣ್ಣೆ ಸೋರುವ ಸಾಮಾನು ತೆಗೆದುಕೊಳ್ಳುವುದಿಲ್ಲ ಎಂದು ವಾಪಸು ಕಳಿಸಿದರು. ಇದರಲ್ಲಿ ಎಣ್ಣೆಯೇ ಇಲ್ಲ, ಬರೀ ಉಪ್ಪು, ಸಾಸಿವೆ, ಮೆಣಸು ಎಂದರೂ ಕೇಳಲಿಲ್ಲ.

ಸಂಜೆ ಫೋನು ಮಾಡಿ ಸಪ್ಪೆ ಮುಖದಲ್ಲಿ ಹೇಳಿದೆ.

"ಬಿಡಿ ದೊಡ್ಡಮ್ಮ, ಅಜ್ಜಿ ಉಪ್ಪಿನಲ್ಲಿ ಹಾಕಿದ ಹಸಿರು ಆಲಿವ್ ಕೊಟ್ಟಿದ್ದಾರೆ. ನಂಚಿಕೊಂಡೆ."

"ಹೇಗಿತ್ತೇ?"

ಸ್ವಲ್ಪ ಹೊತ್ತು ಮಾತಿಲ್ಲ. ಬಾಯಲ್ಲಿ ಏನೋ ಇದ್ದಂತಿತ್ತು.

"ಹುಳಿ ಸಾಲದು," ಎಂದಳು. "ಗೊರಟು ಉಂಟು. ಚೀಪ್ತಾ ಇದ್ದೇನೆ."