ಮಾಳಮಡ್ಡಿಯಲ್ಲೊಂದು ಕಸೂತಿ ಪಾಠ

ಧಾರವಾಡಕ್ಕೆ ಬಂದ ಪ್ರವಾಸಿಗರು ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ನೋಡಿ, ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಪಶ್ಚಿಮಕ್ಕೆ ಮಲೆನಾಡಿನ ಹಸಿರು, ಪೂರ್ವಕ್ಕೆ ಎರೆಮಣ್ಣಿನ ಬಯಲು ಇರುವ ಈ ಊರಿನ ಇನ್ನೊಂದು ಸಂಪತ್ತು ಬೀದಿಯಲ್ಲಿ ಕಾಣುವಂಥದ್ದಲ್ಲ. ಅದು ಮನೆಗಳ ಪಡಸಾಲೆಯಲ್ಲಿದೆ. ಅದೇ ಕಸೂತಿ.

ರೈಲು ನಿಲ್ದಾಣಕ್ಕೆ ಹತ್ತಿರದ ಮಾಳಮಡ್ಡಿಯಲ್ಲಿ ಅಂಥದೊಂದು ಪಡಸಾಲೆ ಇದೆ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಒಳಗೆ ಮಧ್ಯಾಹ್ನ ಮೂರರ ಹೊತ್ತಿಗೆ ಏಳೆಂಟು ಜನ ಚಾಪೆ ಹಾಸಿ ಕೂತಿರುತ್ತಾರೆ. ಹೆಚ್ಚಿನವರು ಕಾಲೇಜು ಹುಡುಗಿಯರು. ಅವರ ನಡುವೆ, ಕಿಟಕಿಯ ಪಕ್ಕದಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಆ ಜಾಗವನ್ನು ಅವರು ಬೇಕೆಂದೇ ಆರಿಸಿಕೊಂಡದ್ದು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತ ಹೋಗಿ, ಹತ್ತಿರದ್ದು ಮಸುಕಾಗುತ್ತದೆ. ಬೆಳಕು ಹೆಚ್ಚಿದ್ದರೆ ಕಣ್ಣಿನ ಪಾಪೆ ಕಿರಿದಾಗಿ ಎಳೆಗಳು ಸ್ವಲ್ಪ ಸ್ಪಷ್ಟವಾಗುತ್ತವೆ. ಉಳಿದದ್ದನ್ನು ಚಾಳೀಸು ನೋಡಿಕೊಳ್ಳುತ್ತದೆ.

ಅವರು ಬಂದದ್ದು ಕಲಿಯಲಿಕ್ಕಲ್ಲ. ತಾಯಿಯ ಹಳೆಯ ಚಂದ್ರಕಾಳಿ ಇಳಕಲ್ ಸೀರೆಯ ಮೇಲೆ ಒಂದು ಗೋಪುರ ಕಿತ್ತುಹೋಗಿತ್ತು. ಅದನ್ನು ಸರಿಮಾಡಿಸಲು ಬಂದಿದ್ದರು. ಕಸೂತಿ ಕಲಿಸುವ ಅಕ್ಕಾರು ಸೀರೆ ನೋಡಿದರು, ಅವರನ್ನೂ ನೋಡಿದರು. “ಲೆಕ್ಕ ಬರತದಲ್ಲರಿ ನಿಮಗ? ಕೂಡ್ರಿ, ನೀವ ಮಾಡ್ರಿ” ಎಂದರು.

“ಅಕ್ಕಾರ, ಈ ವಯಸ್ಸಿನ್ಯಾಗ ನನಗ ಬರತದೇನ್ರಿ?”

“ಎಣಸಾಕ ಬರತದಲ್ಲ, ಅಷ್ಟ ಸಾಕು.”

ಮಾತು ನಿಜ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಅಡ್ಡ ಎಳೆ, ಉದ್ದ ಎಳೆಗಳನ್ನು ಎಣಿಸಿಯೇ ಆನೆ, ನವಿಲು, ತೇರು, ತೊಟ್ಟಿಲು, ತುಳಸಿ ವೃಂದಾವನ ಮೂಡಬೇಕು. ಹೊಲಿಗೆಗಳು ನಾಲ್ಕು. ಹೋದ ದಾರಿಯಲ್ಲೇ ಮರಳುವ ಗವಂತಿ, ಮೆಟ್ಟಿಲಿನಂತೆ ಏರುವ ಮುರಗಿ, ನೇಯ್ದಂತೆ ಕಾಣುವ ನೇಯಿಗಿ, ಮೆಂತೆಕಾಳಿನ ನೆನಪು ತರುವ ಮೆಂತಿ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಹಿಂದೆ ಮುಂದೆ ಎರಡೂ ಒಂದೇ. ಗಂಟು ಹಾಕುವಂತಿಲ್ಲ; ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು.

ಗವಂತಿಯ ಗುಟ್ಟನ್ನು ವಿದ್ಯಾರ್ಥಿಗಳು ಕಾಗದದ ಮೇಲೂ ಪರೀಕ್ಷಿಸಬಹುದು. ಹತ್ತು ಹೊಲಿಗೆಯ ಒಂದು ಸಾಲು ಎನ್ನಿ. ಹೋಗುವಾಗ 1, 3, 5, 7, 9 ಮುಂದೆ ಕಾಣುತ್ತವೆ. 2, 4, 6, 8, 10 ಹಿಂದೆ ಬೀಳುತ್ತವೆ. ಮರಳುವಾಗ 10, 8, 6, 4, 2 ಮುಂದೆ ಬಂದು, ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ನಡುವೆ ಕೊಂಬೆ ಬಂದರೆ ಅದರ ತುದಿ ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗಿ ಮುಂದುವರಿದರಾಯಿತು. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆ ಬಿಡಿಸಿದ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಬರಲು ಅಲ್ಲಿ ಸಾಧ್ಯವಿಲ್ಲವೆಂದು ತೋರಿಸಿದ. ಆದರೆ ಪ್ರತಿಯೊಂದನ್ನೂ ಎರಡು ಸಲ ದಾಟಬಹುದಾದರೆ ಹೊರಟಲ್ಲಿಗೇ ಬಂದು ಸೇರಬಹುದು. ಗವಂತಿ ಮಾಡುವುದು ಇದನ್ನೇ. ಬಿಡದೆ ಕೂಡಿಕೊಂಡ ಯಾವ ಚಿತ್ರವಾದರೂ ಸೂಜಿ ಕಡೆಗೆ ಹೊರಟಲ್ಲಿಗೇ ಬರುತ್ತದೆ.

ಇಷ್ಟೆಲ್ಲ ತಿಳಿದ ಮಾತ್ರಕ್ಕೆ ಕೈ ಕೇಳಬೇಕಲ್ಲ! ಮ್ಯಾಟಿ ಬಟ್ಟೆಯ ಮೇಲೆ ಆ ಹಿರಿಯರ ಮೊದಲ ಗೋಪುರ ಮೇಲೇರಿತು, ಶಿಖರ ಮಾತ್ರ ಕೂಡಲಿಲ್ಲ. ಹುಡುಕಿದರೆ, ಕೆಳಗೆ ಹತ್ತು ಸಾಲಿನ ಹಿಂದೆ ಒಂದು ಎಳೆ ತಪ್ಪಿತ್ತು. ಮೂವತ್ತು ವರ್ಷ ಪೈಸೆ ಪೈಸೆಗೆ ತಾಳೆ ನೋಡಿದ ಮನುಷ್ಯ ಬೆವತುಹೋದರು. ಪಕ್ಕದ ಹುಡುಗಿಯರು ಏನೆಂದಾರೋ ಎಂಬ ಅಳುಕು ಬೇರೆ. ಅಕ್ಕಾರು ಗದರಲಿಲ್ಲ. “ಬಿಚ್ಚರಿ ಸರ್ರ. ತಪ್ಪಿದ್ದು ಎಣಿಕಿ, ಅರಬಿ ಏನೂ ಕೆಟ್ಟಿಲ್ಲ” ಎಂದು ಸೂಜಿಯ ಹಿಂಬದಿಯಿಂದ ದಾರ ಬಿಡಿಸುವುದನ್ನು ತೋರಿಸಿಕೊಟ್ಟರು.

ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಮಗಳು ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ 87 ತಂದಿದ್ದಳು. ಅಂಕಪಟ್ಟಿ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ: “ಉಳಿದ ಹದಿಮೂರು ಎಲ್ಲಿ ಹೋದವು?” ಅವಳು ಉತ್ತರ ಕೊಟ್ಟಿರಲಿಲ್ಲ. ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನು, ಅದೂ ಹೆಚ್ಚಾಗಿ ತಾಯಿಯೊಡನೆ.

ಮರುದಿನವೂ ಅವರು ಮಾಳಮಡ್ಡಿಗೆ ಹೋದರು, ಅದರ ಮರುದಿನವೂ ಹೋದರು. ನಿವೃತ್ತಿಯ ನಂತರ ಮಧ್ಯಾಹ್ನವೆಂದರೆ ಗಡಿಯಾರ ನೋಡುವುದೇ ಒಂದು ಕೆಲಸವಾಗಿತ್ತು. ಹೆಂಡತಿ ಶಾಲೆಯಿಂದ ಬರುವುದು ಐದಕ್ಕೆ. ಈಗ ಎಣಿಸುತ್ತ ಕೂತರೆ ಐದು ಹೊಡೆದದ್ದೇ ತಿಳಿಯದು. ನಾಲ್ಕು ಎಳೆ ಬಿಟ್ಟು ಸೂಜಿ ಕೆಳಗೆ, ನಾಲ್ಕು ಎಳೆ ಬಿಟ್ಟು ಮೇಲೆ. ಗಮನವೆಲ್ಲ ಆ ನಾಲ್ಕು ಎಳೆಗಳಲ್ಲಿರುವಾಗ ಬೇರೆ ಚಿಂತೆಗೆ ಜಾಗವೆಲ್ಲಿ? ಬಿಚ್ಚುವುದಕ್ಕೂ ಮೊದಲಿನ ಬೇಸರ ಉಳಿಯಲಿಲ್ಲ. ಬಿಚ್ಚಿದ ಮೇಲೆ ಬಟ್ಟೆ ಮತ್ತೆ ಮೊದಲಿನಂತೆ ಕಾದಿರುತ್ತದೆ ಎಂಬುದೇ ಅವರಿಗೊಂದು ಸಮಾಧಾನ.

ಧಾರವಾಡದಲ್ಲಿ ಕಸೂತಿ ಕೊಳ್ಳುವವರು ಬಟ್ಟೆಯನ್ನು ಮಗುಚಿ ನೋಡಬೇಕೆನ್ನುತ್ತಾರೆ. ಯಂತ್ರದ ಹೊಲಿಗೆಯಾದರೆ ಹಿಂಬದಿ ಹೇಳಿಬಿಡುತ್ತದೆ. ದೀಪಾವಳಿಗೆ ಮನೆಗೆ ಬಂದ ಮಗಳು ಮಾಡಿದ್ದೂ ಅದನ್ನೇ. ಮೇಜಿನ ಮೇಲಿದ್ದ ಮ್ಯಾಟಿ ತುಂಡನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಎರಡನೆಯ ಗೋಪುರದ ಶಿಖರ ಕೂಡಿತ್ತು, ಆದರೂ ಬಲಗಡೆ ಕೊಂಚ ಕುಗ್ಗಿತ್ತು.

“ಅಪ್ಪಾ, ಇಲ್ಲೊಂದು ಎಳಿ ಎಲ್ಲಿ ಹೋತು?” ಎಂದು ಕೇಳಿದಳು.

ಆ ಪ್ರಶ್ನೆ ಎಲ್ಲಿಂದ ಬಂದದ್ದೆಂದು ಇಬ್ಬರಿಗೂ ಗೊತ್ತಿತ್ತು. ಅವರು ಚಾಳೀಸು ತೆಗೆದು ಒರೆಸಿಕೊಂಡರು. “ಗೊತ್ತಿಲ್ಲವ್ವಾ. ಎಷ್ಟು ಎಣಿಸಿದರೂ ತಪ್ಪತದ” ಎಂದರು.

ಮಗಳು ನಕ್ಕಳು. ಹತ್ತಿರ ಬಂದು ಕೂತು, ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಕೊಟ್ಟಳು. ಅಜ್ಜಿಯ ಸೀರೆ ಪೆಟ್ಟಿಗೆಯಿಂದ ಹೊರಬಂದದ್ದು ಆ ಮಧ್ಯಾಹ್ನವೇ.