ಪರದೇಶದ ಶಿಷ್ಯನೂ ಚೀನೀ ಗುರುವೂ

ಪರಭಾಷೆಯನ್ನು ಕಲಿಯುವುದಕ್ಕೆ ಎರಡು ದಾರಿಗಳುಂಟು. ಮನೆಯಲ್ಲಿ ಕುಳಿತು ಗ್ರಂಥಗಳ ಮೂಲಕ ಕಲಿಯುವುದು ಒಂದು; ಆ ಭಾಷೆಯ ನೆಲಕ್ಕೇ ಹೋಗಿ, ಬೀದಿಗಳಲ್ಲಿ ಅಲೆದು, ಅಂಗಡಿಯವನೊಡನೆ ಚೌಕಾಶಿ ಮಾಡಿ, ತನ್ನ ಮಾತಿಗೆ ಹತ್ತು ಮಂದಿ ನಕ್ಕರೆ ತಾನೂ ಅವರೊಡನೆ ನಕ್ಕು ಕಲಿಯುವುದು ಮತ್ತೊಂದು. ಮೊದಲನೆಯದರಿಂದ ಪಾಂಡಿತ್ಯವು ಬಂದೀತು. ನಾಲಗೆಯು ತಿರುಗುವುದು ಎರಡನೆಯದರಿಂದಲೇ. ಚೀನೀ ಭಾಷೆಯ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ.

ಪೀಕಿಂಗಿನ ನುಡಿಯಲ್ಲಿ ‘ಮಾ’ ಎಂಬುದನ್ನು ಎತ್ತರದ ಸಮಸ್ವರದಲ್ಲಿ ಹೇಳಿದರೆ ತಾಯಿ. ಸ್ವರವನ್ನು ಏರಿಸಿದರೆ ಸೆಣಬು. ತಗ್ಗಿಸಿ ಏರಿಸಿದರೆ ಕುದುರೆ. ಥಟ್ಟನೆ ಇಳಿಸಿದರೆ ಬೈಯುವುದು. ‘ಮಾಯ್’ ಎಂಬುದಕ್ಕೆ ಒಂದು ಸ್ವರದಲ್ಲಿ ಕೊಳ್ಳುವುದೆಂದೂ ಇನ್ನೊಂದರಲ್ಲಿ ಮಾರುವುದೆಂದೂ ಅರ್ಥ. ಉದಾತ್ತಾನುದಾತ್ತ ಸ್ವರಿತಗಳ ಭೇದವನ್ನರಿತ ವೇದಾಧ್ಯಾಯಿಗೆ ಇದು ಪೂರ್ತಿ ಹೊಸತೆನಿಸದು. ಆದರೆ ಪಾಠಶಾಲೆಯಲ್ಲಿ ಸ್ವರ ತಪ್ಪಿದರೆ ಗುರುಗಳು ಗದರಿಸುವರು. ಚೀನೀ ಪೇಟೆಯಲ್ಲಿ ಸ್ವರ ತಪ್ಪಿದರೆ ಕೊಳ್ಳಬಂದವನೇ ಮಾರಬಂದವನಾಗುವನು. ಇನ್ನು ಲಿಪಿಯೋ, ವರ್ಣಮಾಲೆಯೇ ಇಲ್ಲದ ಮಹಾರಣ್ಯ. ಮರದ ಚಿಹ್ನೆಯನ್ನು ಎರಡು ಸಲ ಬರೆದರೆ ತೋಪು, ಮೂರು ಸಲ ಬರೆದರೆ ಕಾಡು. ಸೂರ್ಯಚಂದ್ರರನ್ನು ಜೊತೆಗೂಡಿಸಿದರೆ ಬೆಳಕು. ಎಲ್ಲವೂ ಇಷ್ಟು ಸುಲಭವಾಗಿದ್ದರೆ ಚಿಂತೆಯಿರಲಿಲ್ಲ. 1716ರಲ್ಲಿ ಸಿದ್ಧವಾದ ಕಾಂಗ್‌ಶಿ ಚಕ್ರವರ್ತಿಯ ನಿಘಂಟು 214 ಮೂಲ ಚಿಹ್ನೆಗಳ ಕೆಳಗೆ 47,000ಕ್ಕೂ ಹೆಚ್ಚು ಅಕ್ಷರಗಳನ್ನು ಪೇರಿಸಿಟ್ಟಿದೆ. ಇಂತಹ ಅರಣ್ಯದಲ್ಲಿ ದಾರಿ ತೋರುವ ಗುರುವಿಲ್ಲದೆ ಹೆಜ್ಜೆಯಿಡುವುದು ಅಸಾಧ್ಯ.

ಆ ಗುರುವು ದೊರೆಯುವುದೇ ದುರ್ಲಭವಾಗಿದ್ದ ಕಾಲವೊಂದಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ವರ್ತಕರಿಗೆ ಚೀನದಲ್ಲಿ ತೆರೆದಿದ್ದುದು ಕ್ಯಾಂಟನ್ ರೇವೊಂದೇ. ಅಲ್ಲಿಯೂ ಊರಿನ ಕೋಟೆಯೊಳಕ್ಕೆ ಪ್ರವೇಶವಿಲ್ಲ. ಮುತ್ತಿನ ನದಿಯ ದಂಡೆಯ ಮೇಲೆ ಸಾಲಾಗಿ ನಿಂತ ಹದಿಮೂರು ಕೊಠಿಗಳೇ ಅವರ ಲೋಕ. ವ್ಯಾಪಾರದ ಋತುವು ಮುಗಿದೊಡನೆ ಮಕಾವಿಗೆ ತೆರಳಬೇಕು. ಹೆಂಡತಿಯನ್ನು ಜೊತೆಗೆ ಕರೆತರಕೂಡದು. ಅಲೆದಾಡುವ ಆಸೆಯುಳ್ಳವನಿಗೆ ಮುಂದೆ ದೊರೆತ ಅನುಗ್ರಹವೆಂದರೆ, ತಿಂಗಳ 8, 18, 28ನೆಯ ದಿನಗಳಲ್ಲಿ ಹೂದೋಟಗಳನ್ನೂ ಹೋನಾಂ ವಿಹಾರವನ್ನೂ ನೋಡಿಬರಬಹುದೆಂಬುದು. ಅದಾದರೂ ಒಮ್ಮೆಗೆ ಹತ್ತು ಜನರಿಗಿಂತ ಹೆಚ್ಚಿರಕೂಡದು. ಕಣ್ಣೆದುರಿಗೆ ಮಹಾನಗರ, ಕಿವಿತುಂಬ ಅದರ ಕಲರವ. ಕಾಲಿಗೆ ಮಾತ್ರ ಕಟ್ಟು.

ಆ ಕಟ್ಟನ್ನು ಮೀರಹೊರಟವನು ಜೇಮ್ಸ್ ಫ್ಲಿಂಟ್. 1736ರಲ್ಲಿ ಇನ್ನೂ ಹುಡುಗನಾಗಿ ಕ್ಯಾಂಟನ್ನಿನಲ್ಲಿ ಉಳಿದು ಚೀನೀ ಭಾಷೆಯನ್ನು ಕಲಿತ ಈ ಆಂಗ್ಲೇಯನು, 1759ರಲ್ಲಿ ಹಡಗೇರಿ ಉತ್ತರಕ್ಕೆ ಟಿಯೆನ್‌ಸಿನ್ನಿನವರೆಗೂ ಸಾಗಿ, ಕ್ಯಾಂಟನ್ನಿನ ಸುಂಕದವರ ಸುಲಿಗೆಯನ್ನು ಕುರಿತು ಚಿಯೆನ್‌ಲುಂಗ್ ಚಕ್ರವರ್ತಿಗೆ ಚೀನೀ ಭಾಷೆಯಲ್ಲಿಯೇ ವಿಜ್ಞಾಪನೆಯನ್ನು ಕಳುಹಿಸಿದನು. ಚಕ್ರವರ್ತಿಯು ವಿಚಾರಣೆ ನಡೆಯಿಸಿ ಸುಂಕದ ಅಧಿಕಾರಿಯನ್ನು ವಜಾ ಮಾಡಿದುದು ನಿಜ. ಆದರೆ ನಿಯಮವನ್ನುಲ್ಲಂಘಿಸಿದ ಫ್ಲಿಂಟನಿಗೆ ಮಕಾವಿನಲ್ಲಿ ಮೂರು ವರ್ಷಗಳ ಸೆರೆಯಾಯಿತು. ವಿಜ್ಞಾಪನೆಯನ್ನು ಬರೆಯಲು ನೆರವಾದ ಲಿಯೂ ಯಾಪಿಯೆನ್ ಎಂಬ ಚೀನೀಯನಿಗೆ ಶಿರಚ್ಛೇದವಾಯಿತು. ಭಾಷೆಯನ್ನು ಕಲಿತವನು ಸೆರೆಯಿಂದ ಹೊರಬಂದು ಸ್ವದೇಶವನ್ನು ಸೇರಬಲ್ಲವನಾದನು. ಲೇಖನಿಯನ್ನು ಹಿಡಿದುಕೊಟ್ಟವನು ತಲೆಯನ್ನೇ ತೆತ್ತನು.

ಈ ನೆನಪು ಇನ್ನೂ ಮಾಸದಿದ್ದಾಗ, 1807ರ ಸೆಪ್ಟೆಂಬರಿನಲ್ಲಿ, ಲಂಡನ್ ಮಿಷನ್ನಿನ ರಾಬರ್ಟ್ ಮಾರಿಸನ್ ಕ್ಯಾಂಟನ್ನಿಗೆ ಬಂದಿಳಿದನು. ಲಂಡನ್ನಿನಲ್ಲಿದ್ದ ಚೀನೀ ಯುವಕನೊಬ್ಬನಿಂದ ಅಷ್ಟಿಷ್ಟು ಕಲಿತು, ಕೈಬರಹದ ಗ್ರಂಥಗಳನ್ನು ನಕಲು ಮಾಡಿಕೊಂಡಿದ್ದ ಇಪ್ಪತ್ತೈದರ ತರುಣ. ಮೊದಲಲ್ಲಿ ಚೀನೀ ಉಡುಪನ್ನು ತೊಟ್ಟು, ಉಗುರು ಬೆಳೆಯಿಸಿ, ಕಡ್ಡಿಗಳಿಂದಲೇ ಊಟಮಾಡುತ್ತ ಇದ್ದನು. ವೇಷದಿಂದ ಪರಕೀಯತನವು ಮರೆಯಾಗದೆಂದು ಕಂಡು ಬೇಗನೆ ಅದನ್ನು ಬಿಟ್ಟನು. ಭಾಷೆಯನ್ನು ಮಾತ್ರ ಬಿಡಲಿಲ್ಲ. ಪಾಠ ಹೇಳಿದ ಚೀನೀಯರಾದರೋ ಕದ್ದುಮುಚ್ಚಿ ಬರಬೇಕಾಗಿದ್ದಿತು. ಅವರಲ್ಲೊಬ್ಬನು, ಹಿಡಿದುಕೊಂಡು ಹೋದರೆ ಚಿತ್ರಹಿಂಸೆಗೆ ಸಿಕ್ಕುವ ಮೊದಲೇ ಪ್ರಾಣ ಬಿಡುವುದಕ್ಕಾಗಿ, ವಿಷವನ್ನು ಜೊತೆಯಲ್ಲಿಯೇ ಇಟ್ಟುಕೊಂಡಿರುತ್ತಿದ್ದನೆಂದು ಹೇಳುವರು. 1809ರಲ್ಲಿ ಮಾರಿಸನ್ ಕುಂಪಣಿಯ ಭಾಷಾಂತರಕಾರನಾದನು. ವರ್ಷಕ್ಕೆ 500 ಪೌಂಡುಗಳ ಸಂಬಳ. ಅವನ ಮಹಾನಿಘಂಟು 1815ರಿಂದ 1823ರವರೆಗೆ ಮಕಾವಿನಲ್ಲಿ ಅಚ್ಚಾಯಿತು.

ಅದೇ ಕಾಲದಲ್ಲಿ ಹೂಗ್ಲಿಯ ದಡದ ಶ್ರೀರಾಮಪುರದಲ್ಲಿ ಜೋಶುವಾ ಮಾರ್ಷ್‌ಮನ್, ಮಕಾವಿನಲ್ಲಿ ಹುಟ್ಟಿದ ಲಸ್ಸಾರ್ ಎಂಬ ಆರ್ಮೇನಿಯನ ಬಳಿ ನಿಶ್ಚಿಂತೆಯಾಗಿ ಚೀನೀ ಭಾಷೆಯನ್ನು ಕಲಿತು, 1814ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದನು. ಚೀನದ ನೆಲವನ್ನು ಅವನು ಮೆಟ್ಟಲಿಲ್ಲ. ಮಾರಿಸನ್ನನ ಸಂಘಕ್ಕೇ ಸೇರಿದ್ದ ವಿಲಿಯಂ ರೀವ್ ಬಳ್ಳಾರಿಯಲ್ಲಿ ಕನ್ನಡವನ್ನು ಕಲಿತನು; ಅವನ ಕನ್ನಡ ನಿಘಂಟು 1832ರಲ್ಲಿ ಹೊರಬಂದಿತು. ಕನ್ನಡದ ಪಂಡಿತನು ಪರದೇಶೀಯನಿಗೆ ಓಲೆಗರಿಯನ್ನು ಬಿಚ್ಚಿ ಪಾಠ ಹೇಳಿದರೆ ಅವನ ತಲೆಗೆ ಬೆಲೆ ಕಟ್ಟುವ ಶಾಸನವಿರಲಿಲ್ಲ. ಕ್ಯಾಂಟನ್ನಿನ ಗುರುವಿಗೆ ಆ ಭಾಗ್ಯವಿಲ್ಲದೆ ಹೋಯಿತು.

1844ರಲ್ಲಿ ಅಮೆರಿಕದವರು ಚೀನದೊಡನೆ ವಾಂಗ್‌ಶಿಯಾದಲ್ಲಿ ಮಾಡಿಕೊಂಡ ಕೌಲಿನ ಹದಿನೆಂಟನೆಯ ವಿಧಿಯಲ್ಲಿ, ಭಾಷೆಯನ್ನು ಕಲಿಯಲು ಚೀನೀ ಪಂಡಿತರನ್ನು ನೇಮಿಸಿಕೊಳ್ಳಬಹುದೆಂದೂ ಗ್ರಂಥಗಳನ್ನು ಕೊಳ್ಳಬಹುದೆಂದೂ ಬರೆಯಲ್ಪಟ್ಟಿತು. ಮಾರಿಸನ್ ತೀರಿಕೊಂಡು ಆಗಲೇ ಹತ್ತು ವರ್ಷಗಳಾಗಿದ್ದವು. ಇಂದು ಚೀನದ ವಿಶ್ವವಿದ್ಯಾನಿಲಯಗಳೇ ಪರದೇಶದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡು ಪಾಠ ಹೇಳುತ್ತವೆ. ಅಲ್ಲಿ ಕಲಿಯಹೋದ ತರುಣನು ಸ್ವರವನ್ನು ತಪ್ಪಿಸಿ ಅಂಗಡಿಯವನ ನಗೆಗೆ ಗುರಿಯಾದರೆ ನೊಂದುಕೊಳ್ಳಬೇಕಾದುದಿಲ್ಲ. ಆ ತಪ್ಪನ್ನು ಬೀದಿಯಲ್ಲಿ ನಿಂತು, ಎಲ್ಲರೆದುರಿಗೆ, ಗಟ್ಟಿಯಾಗಿ ತಿದ್ದಿಕೊಡುವ ಸ್ವಾತಂತ್ರ್ಯವು ಆ ಅಂಗಡಿಯವನ ಹಿರಿಯರಿಗೆ ಇರಲಿಲ್ಲ.