ಘಟಪ್ರಭೆಯ ದಂಡೆಯ ಮೇಲೆ ಒಂದು ವಾರ

ಬೆಳಗಾವಿಯಿಂದ ಮಿರಜೆಗೆ ಹೋಗುವ ರೈಲುಮಾರ್ಗದಲ್ಲಿ ಘಟಪ್ರಭಾ ಎಂಬದೊಂದು ನಿಲ್ದಾಣವುಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಸೀಮೆಯವರಲ್ಲಿ ಅನೇಕರು ದೂರದೂರಿಗೆ ಹೋಗಬೇಕಾದರೆ ಇಲ್ಲಿಯೇ ಗಾಡಿಯನ್ನೇರುವರು. ಊರಿಗೆ ಹೊಳೆಯ ಹೆಸರೇ ಬಂದಿರುವದು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟಿಗೆ ಸಿಕ್ಕಿ, ಧೂಪದಾಳದ ಹಳೆಯ ಒಡ್ಡಿನಲ್ಲಿ ಇನ್ನೊಮ್ಮೆ ನಿಂತು, ಕಾಲುವೆಗಳಿಗೆ ಅವುಗಳ ಪಾಲನ್ನು ಕೊಟ್ಟು, ಗೋಕಾಕದ ಹತ್ತಿರ 52 ಮೀಟರು ಎತ್ತರದ ಬಂಡೆಯ ಮೇಲಿಂದ ಧುಮುಕುವದು. ಎರಡೂ ದಂಡೆಗಳಲ್ಲಿ ಕಬ್ಬು, ಗೋವಿನಜೋಳಗಳ ಹಸುರು. ಸಂತೆಗೆ ಹೋದವರು ಗೋಕಾಕದ ಕರದಂಟನ್ನು ಕೊಳ್ಳದೆ ಮರಳುವದಿಲ್ಲ.

2025ನೆಯ ಇಸವಿಯ ಮೇ 29ರಿಂದ ಜೂನ್ 4ರ ವರೆಗೆ ನಾವು ಇಲ್ಲಿ ಬಂಧುಗಳ ಮನೆಯಲ್ಲಿ ಉಳಿದಿದ್ದೆವು. ಹಗಲು ಊರು ಕೇರಿ ನೋಡುವದು, ರಾತ್ರಿ ಐಪಿಎಲ್ ಎಂಬ ಕ್ರಿಕೆಟ್ ಪಂದ್ಯಾವಳಿಯ ಕೊನೆಯ ಆಟಗಳನ್ನು ಮನೆಮಂದಿಯೊಡನೆ ಕುಳಿತು ನೋಡುವದು, ಇದು ನಮ್ಮ ದಿನಚರಿಯಾಗಿತ್ತು. ಆಟದ ಗೊಡವೆಯಿಲ್ಲದ ಓದುಗರಿಗಾಗಿ ಅದರ ಕ್ರಮವನ್ನು ಎರಡು ಮಾತಿನಲ್ಲಿ ಹೇಳುವೆವು. ಹತ್ತು ತಂಡಗಳು ತಲಾ ಹದಿನಾಲ್ಕು ಪಂದ್ಯಗಳನ್ನಾಡಿದ ಮೇಲೆ ಮೊದಲಿನ ನಾಲ್ಕು ಮಾತ್ರ ಉಳಿಯುವವು. ಒಂದನೆಯ ಎರಡನೆಯ ಸ್ಥಾನದವರು ತಮ್ಮೊಳಗೆ ಆಡಿದಾಗ ಗೆದ್ದವರು ನೇರವಾಗಿ ಅಂತಿಮ ಪಂದ್ಯಕ್ಕೆ ಹೋಗುವರು; ಸೋತವರಿಗೆ ಇನ್ನೊಂದು ಅವಕಾಶವುಂಟು. ಮೂರನೆಯ ನಾಲ್ಕನೆಯ ಸ್ಥಾನದವರಾದರೋ ಒಮ್ಮೆ ಸೋತರೆ ಮನೆಗೆ ನಡೆದಂತೆಯೇ. ಇದು ನಮ್ಮ ಮನೆಗಳ ನ್ಯಾಯವನ್ನೇ ಹೋಲುವದು: ವರ್ಷವಿಡೀ ಸರಿಯಾಗಿ ನಡೆದವನಿಗೆ ಒಂದು ತಪ್ಪಿನ ಮಾಫಿಯುಂಟು, ಅರೆಬರೆ ನಡೆದವನಿಗಿಲ್ಲ.

ಈ ಸೀಮೆಯಲ್ಲಿ ಹೆಚ್ಚಿನ ಮನೆಗಳ ಒಲವು ಬೆಂಗಳೂರಿನ ತಂಡದ ಕಡೆಗೆ. ಆ ಒಲವು ಸುಖದಿಂದ ಬೆಳೆದದ್ದಲ್ಲ. ಪಂದ್ಯಾವಳಿಯು 2008ರಲ್ಲಿ ಮೊದಲಾಯಿತು. ಮರುವರ್ಷವೇ ಜೋಹಾನ್ಸ್‌ಬರ್ಗಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ನಾಯಕ ಅನಿಲ ಕುಂಬ್ಳೆಯವರು ಕೇವಲ 16 ಓಟಗಳನ್ನು ಕೊಟ್ಟು ನಾಲ್ಕು ವಿಕೆಟ್ ಕಿತ್ತರೂ ತಂಡವು 6 ಓಟಗಳಿಂದ ಸೋತಿತು. 2011ರಲ್ಲಿ ಚೆನ್ನೈಯಲ್ಲಿ 58 ಓಟಗಳ ಸೋಲು. 2016ರಲ್ಲಿ ಸ್ವಂತ ಅಂಗಳವಾದ ಬೆಂಗಳೂರಿನಲ್ಲಿಯೇ, ವಿರಾಟ ಕೊಹ್ಲಿಯವರು ಆ ಋತುವಿನಲ್ಲಿ 973 ಓಟಗಳನ್ನು ಕೂಡಿಹಾಕಿದ್ದರೂ, 8 ಓಟಗಳ ಕೊರತೆ. ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂಬ ಘೋಷ. ಪ್ರತಿ ವರ್ಷವೂ ಅದನ್ನೇ ತಿರುಗಿಸಿ ಪರರು ಮಾಡುವ ಹಾಸ್ಯ. 2024ರಲ್ಲಿ ಇದೇ ಹೆಸರಿನ ಮಹಿಳೆಯರ ತಂಡವು ದಿಲ್ಲಿಯಲ್ಲಿ ಕಪ್ ಗೆದ್ದಿತು. ನಮ್ಮ ನಾಡಿನ ಶ್ರೇಯಾಂಕಾ ಪಾಟೀಲರು ಅಂದು 12 ಓಟಗಳಿಗೆ ನಾಲ್ಕು ವಿಕೆಟ್ ಪಡೆದರು. ಹೆಣ್ಣುಮಕ್ಕಳು ಮೊದಲು ಗೆದ್ದು ತೋರಿಸಿದರೆಂದು ನಮ್ಮ ಬಂಧುಗಳ ಮನೆಯ ಹುಡುಗಿಯರು ಅಣ್ಣತಮ್ಮಂದಿರನ್ನು ಇನ್ನೂ ಕೆಣಕುತ್ತಲೇ ಇರುವರು.

ಮೇ 29ರ ಸಂಜೆ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಚುರುಮುರಿ, ಮೆಣಸಿನಕಾಯಿ ಭಜಿ, ಚಹಾ ಸಿದ್ಧವಾಗಿದ್ದವು. ಆ ರಾತ್ರಿ ಬೆಂಗಳೂರಿನವರು ಪಂಜಾಬದ ತಂಡವನ್ನು 101 ಓಟಗಳಿಗೇ ಉರುಳಿಸಿ, ಹತ್ತು ಓವರುಗಳು ಉಳಿದಿರುವಂತೆಯೇ ಗೆದ್ದುಬಿಟ್ಟರು. ಹುಡುಗರು ಕುಣಿಯುತ್ತಿರುವಾಗ, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಮನೆಯ ಹಿರಿಯ ತಾಯಿಯವರು ಮೊಮ್ಮಗನನ್ನು ಕೇಳಿದರು: “ಏ ತಮ್ಮಾ, ಇದರಾಗ ನಮ್ಮ ಊರವರು ಯಾರದಾರೋ?”

“ಊರವರು ಯಾರೂ ಇಲ್ಲ ಆಯಿ. ಆದರ ತಂಡ ನಮ್ಮ ಬೆಂಗಳೂರಿಂದು.”

“ನಾ ಹುಟ್ಟಿದಾಗ ನಮ್ಮೂರು ಮುಂಬಯಿ ಇಲಾಖೆದಾಗ ಇತ್ತಪಾ. ಬೆಂಗಳೂರು ನಮ್ಮದು ಆದದ್ದು ಆಮ್ಯಾಲ.”

ಮಾತು ನಗೆಯಲ್ಲಿ ತೇಲಿಹೋಯಿತಾದರೂ ಅದರೊಳಗೆ ವಿಚಾರಿಸತಕ್ಕ ಅಂಶವಿತ್ತು. 1956ನೆಯ ಇಸವಿಯ ನವೆಂಬರ 1ರ ವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಬೆಂಗಳೂರು ಮೈಸೂರಿನದಾಗಿತ್ತು. ಇಂದಿಗೂ ಈ ಗಡಿಸೀಮೆಯ ಮನೆಗಳಲ್ಲಿ ಒಬ್ಬಿಬ್ಬರು ಮುಂಬಯಿ ತಂಡದ ಪಕ್ಷ ವಹಿಸುವದುಂಟು. ಬೆಂಗಳೂರು ಇಲ್ಲಿಂದ ಐದುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆಟಗಾರರಾದರೋ ಹರಾಜಿನಲ್ಲಿ ಕೊಂಡು ತಂದವರು. ನಾಯಕ ರಜತ ಪಾಟೀದಾರರು ಮಧ್ಯಪ್ರದೇಶದವರು. ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ಪರವಾಗಿ ಆಡಿದ ಕನ್ನಡ ನಾಡಿನವರು ಮಯಂಕ ಅಗರವಾಲರೊಬ್ಬರೇ. ನಮ್ಮವರೇ ಆದ ವೈಶಾಖ ವಿಜಯಕುಮಾರರು ಎದುರು ಪಕ್ಷದಿಂದ ಚೆಂಡೆಸೆದರು. ಹೀಗಿರಲು ‘ನಮ್ಮದು’ ಎಂಬ ಮಾತಿಗೆ ಆಧಾರವೇನು? ನಮಗೆ ತೋರುವದಿಷ್ಟು: ಕೂಡಿ ಸೋತ ವರ್ಷಗಳೇ ಅದಕ್ಕೆ ಆಧಾರ. ಗೆದ್ದವರ ಜೊತೆಗೆ ಯಾರೂ ನಿಲ್ಲುವರು; ಹದಿನೇಳು ವರ್ಷ ಬರಿಗೈಯಿಂದ ಬಂದವರನ್ನು ಬಿಡದೆ ಕಾಯುವದು ನಂಟಸ್ತನದ ಲಕ್ಷಣ.

ಇಂಥ ಕಾಯುವಿಕೆಯು ನಮ್ಮಲ್ಲಿಗೇ ವಿಶೇಷವಾದದ್ದಲ್ಲ. ಅಮೇರಿಕೆಯ ಬೇಸ್‌ಬಾಲ್ ಆಟದಲ್ಲಿ ಋತುವಿನ ಕೊನೆಗೆ ನಡೆಯುವ ನಿರ್ಣಾಯಕ ಸರಣಿಗೆ 1903ರಿಂದ ಚರಿತ್ರೆಯುಂಟು. ಅಲ್ಲಿ ಬೋಸ್ಟನ್ ನಗರದ ತಂಡವು 1918ರಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲಲು 2004ರ ವರೆಗೆ ಕಾಯಬೇಕಾಯಿತು. ಶಿಕಾಗೋದ ಕಬ್ಸ್ ತಂಡಕ್ಕಂತೂ 1908ರ ತರುವಾಯ ಗೆಲುವು ದೊರೆತದ್ದು 2016ರಲ್ಲಿ. ನೂರೆಂಟು ವರ್ಷಗಳ ಜಪ! ಅಜ್ಜನು ಕಾಯ್ದು ತೀರಿಕೊಂಡ ಆಸೆಯನ್ನು ಮೊಮ್ಮಗನು ಕಣ್ಣಾರೆ ಕಂಡನು.

ನಡುವಿನ ದಿನಗಳಲ್ಲಿ ನಾವು ಜಲಪಾತಕ್ಕೆ ಹೋದೆವು. ಆ ವರ್ಷ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತ್ತು. ಆದರೂ ಹೊಳೆಯು ತುಂಬಿರಲಿಲ್ಲ. ಬಂಡೆಗಳ ನಡುವೆ ಕೆಂಪು ನೀರು ಎಳೆಯೆಳೆಯಾಗಿ ಇಳಿಯುತ್ತಿತ್ತು. ಶ್ರಾವಣದಲ್ಲಿ ಬಂದವರಿಗೆ ಮಾತ್ರ ಇದರ ಗರ್ಜನೆ ಕೇಳಲು ಸಿಕ್ಕುವದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ನೀರಿನ ಬಲದಿಂದಲೇ ಇಲ್ಲಿಯ ಬಟ್ಟೆಯ ಗಿರಣಿ ತಿರುಗಿತು. ಹೊಳೆಯ ಮೇಲಿನ ತೂಗುಸೇತುವೆಯನ್ನು ಕಂಡು ಮಕ್ಕಳು ಹಿಗ್ಗಿದರು.

ಊರಿನಲ್ಲಿ ನೋಡತಕ್ಕ ಇನ್ನೊಂದು ಸ್ಥಳವೆಂದರೆ 1929ರಲ್ಲಿ ಸ್ಥಾಪಿತವಾದ ಕರ್ನಾಟಕ ಆರೋಗ್ಯಧಾಮ. ಘಟಪ್ರಭೆಯೊಡನೆ ಹೆಸರು ಹೆಣೆದುಕೊಂಡಿರುವ ಡಾ. ನಾ. ಸು. ಹರ್ಡೀಕರರನ್ನು ಇಲ್ಲಿ ನೆನೆಯದೆ ಮುಂದುವರಿಯಲಾಗದು. 1923ರಲ್ಲಿ ಅವರು ಕಟ್ಟಿದ ಸೇವಾದಳದ ಸ್ವಯಂಸೇವಕರು, ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದರು. ಜನಸಮೂಹಕ್ಕೆ ಶಿಸ್ತು ಬೇಕು, ಶಿಸ್ತನ್ನು ಮೊದಲೇ ಕಲಿಸಬೇಕು ಎಂಬದು ಆ ದಳದ ತತ್ವವಾಗಿತ್ತು. ಈ ಮಾತನ್ನು ಇಲ್ಲಿ ಎತ್ತಿದ ಕಾರಣವು ಮುಂದೆ ತಿಳಿಯುವದು.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಅಂತಿಮ ಪಂದ್ಯ. ಎದುರಾಳಿಗಳು ಮತ್ತೆ ಪಂಜಾಬದವರೇ. ಮೊದಲ ಸೋಲಿನ ಮೇಲೆ ದೊರೆತ ಎರಡನೆಯ ಅವಕಾಶದಲ್ಲಿ ಮುಂಬಯಿಯನ್ನು ಸೋಲಿಸಿ ಬಂದಿದ್ದರು. ಬೆಂಗಳೂರಿನವರು 190 ಓಟಗಳನ್ನು ಮಾಡಿದಾಗ, ಇಷ್ಟು ಸಾಲದೆಂದು ಮನೆಯ ಕಾಕಾ ಎದ್ದು ಅಂಗಳದಲ್ಲಿ ಶತಪಥ ತಿರುಗಹತ್ತಿದರು. ಕೃಣಾಲ ಪಾಂಡ್ಯರು ನಾಲ್ಕು ಓವರುಗಳಲ್ಲಿ 17 ಓಟಗಳನ್ನಷ್ಟೇ ಕೊಟ್ಟು ಎರಡು ವಿಕೆಟ್ ಪಡೆದ ಮೇಲೆ ಒಳಗೆ ಬಂದು ಕುಳಿತರು. ಕೊನೆಯ ಓವರಿಗೆ ಪಂಜಾಬಕ್ಕೆ 29 ಓಟಗಳು ಬೇಕಾಗಿದ್ದವು. ಮೊದಲ ಎರಡು ಎಸೆತಗಳಲ್ಲಿ ಓಟವಿಲ್ಲ; ಗೆಲುವು ಖಚಿತವಾಯಿತು. ಶಶಾಂಕ ಸಿಂಹರು ಉಳಿದ ನಾಲ್ಕರಲ್ಲಿ 22 ಓಟಗಳನ್ನು ಬಾರಿಸಿದರೂ 6 ಉಳಿದವು. 2009ರಲ್ಲಿ ಎಷ್ಟು ಓಟಗಳಿಂದ ಸೋತಿದ್ದರೋ ಅಷ್ಟರಿಂದಲೇ ಗೆದ್ದರು! ಕೊಹ್ಲಿಯವರು ಮೈದಾನದಲ್ಲಿಯೇ ಮೊಣಕಾಲೂರಿ ಅತ್ತುದನ್ನು ಕಂಡು ಆಯಿಯವರೂ ಕಣ್ಣೊರೆಸಿಕೊಂಡರು. ಬೀದಿಯಲ್ಲಿ ಪಟಾಕಿ, ಗುಲಾಲು. ಆ ರಾತ್ರಿ ಊರು ನಿದ್ರಿಸಲಿಲ್ಲ.

ಮರುದಿನ ತಂಡವು ಬೆಂಗಳೂರಿಗೆ ಬರುವ ವಾರ್ತೆ ಹಬ್ಬಿತು. ಮನೆಯ ಹಿರಿಯ ಹುಡುಗನು ತಾನು ಆ ಊರಿನಲ್ಲಿ ಇರಬೇಕಾಗಿತ್ತೆಂದು ಬೆಳಗಿನಿಂದ ಹಲುಬುತ್ತಿದ್ದನು. ಸಂಜೆಗೆ ಅದೇ ದೂರದರ್ಶನದ ಪರದೆಯ ಮೇಲೆ ಬೇರೆಯೇ ಸುದ್ದಿ ಬಂತು. ಸುಮಾರು ಮೂವತ್ತೈದು ಸಾವಿರ ಜನರಿಗೆ ಸ್ಥಳವಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಲಕ್ಷಗಟ್ಟಲೆ ಜನರು ಸೇರಿ, ಬಾಗಿಲುಗಳಲ್ಲಿ ನೂಕುನುಗ್ಗಲಾಗಿ, 11 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಎಳೆಯರು. ಹುಡುಗನು ಮಾತಾಡಲಿಲ್ಲ. ಆಯಿಯವರು ಅವನ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕಾಯ್ದು ಪಡೆದ ಸಂತೋಷವು ಒಂದು ಹಗಲೂ ನಿಲ್ಲಲಿಲ್ಲ.

ಇದರಿಂದ ಆಟವನ್ನೇ ದೂಷಿಸುವವರುಂಟು. ನಮಗದು ಒಪ್ಪಿಗೆಯಲ್ಲ. ಮೂರು ತಲೆಮಾರಿನವರು ಒಂದೇ ಜಮಖಾನದ ಮೇಲೆ ಕುಳಿತು ಒಂದೇ ಆಸೆಯನ್ನು ಆಸೆಪಡುವ ಸಂದರ್ಭಗಳು ಇಂದಿನ ಮನೆಗಳಲ್ಲಿ ವಿರಳ; ಅದನ್ನು ಈ ಆಟವು ಕೊಟ್ಟಿತು. ಆದರೆ ಜನರನ್ನು ಕರೆಯುವವರಿಗೆ ಅವರನ್ನು ಕಾಯುವ ಹೊಣೆಯೂ ಉಂಟು. ಬಾಗಿಲೆಷ್ಟು, ದಾರಿಯೆಷ್ಟು, ಸ್ವಯಂಸೇವಕರೆಷ್ಟು ಎಂದು ಎಣಿಸಿಯೇ ಕರೆಯಬೇಕು. ಮನೆಯ ಹಿರಿಯರೂ ಮಕ್ಕಳಿಗೆ ಒಂದು ಪಾಠವನ್ನು ಕಲಿಸಬೇಕು: ದಟ್ಟಣೆಯು ಉಸಿರು ಹಿಡಿಯುವಷ್ಟಾಗುವ ಮುನ್ನವೇ ಹಿಂದಕ್ಕೆ ಸರಿಯುವದು ಹೇಡಿತನವಲ್ಲ, ಒಂದು ಗುಂಪಿನಲ್ಲಿ ಹೋದವರು ತಪ್ಪಿಸಿಕೊಂಡರೆ ಸೇರುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಬಿದ್ದವರನ್ನು ಎತ್ತದೆ ಮುಂದಕ್ಕೆ ಹೆಜ್ಜೆಯಿಡಬಾರದು. ಹರ್ಡೀಕರರು ನೂರು ವರ್ಷಗಳ ಹಿಂದೆ ಈ ಜಿಲ್ಲೆಯ ತರುಣರಿಗೆ ಕಲಿಸಿದ ಶಿಸ್ತು ಇಂದಿಗೂ ಹಳತಾಗಿಲ್ಲ.

ಘಟಪ್ರಭೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿಯ ಗಾಡಿಗೆ ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರಿರುವದು. ಅದು ಸೇರುವ ನಿಲ್ದಾಣಕ್ಕೆ ಅವಳ ಬಂಟನಾದ ಸಂಗೊಳ್ಳಿ ರಾಯಣ್ಣನ ಹೆಸರು. ಇಬ್ಬರೂ ಈ ಜಿಲ್ಲೆಯ ಮಕ್ಕಳೇ. ನಮ್ಮ ಸೀಮೆಯ ಹುಡುಗರು ಆ ಗಾಡಿಯನ್ನೇರಿ ಆಟಕ್ಕೆ ಹೋಗಲಿ, ಕೂಗಲಿ, ಗೆಲ್ಲಲಿ, ಸೋಲಲಿ. ಮರುದಿನದ ಗಾಡಿಗೆ ಸುಖವಾಗಿ ಮನೆಗೆ ಮರಳಲಿ.